ಕಕ್ಕೆಗೆ ಬಾಯಾರಿಕೆ ಬೇಕು

ಮೇ ತಿಂಗಳ ಒಂದು ಭಾನುವಾರ ತುಮಕೂರಿನಲ್ಲಿ ಕೈತೋಟದ ಗೆಳೆಯರ ಮುಂದೆ ಆಡಿದ ಮಾತುಗಳಿವು. ಬರೆಯಲು ಕೂತಾಗ ನೆನಪಾದ ಒಂದೆರಡು ಸಂಗತಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಈ ಕಾಯಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಲಗಲ ಅನ್ನುತ್ತದೆ, ಅಲ್ವಾ? ಒಂದೂವರೆ ಅಡಿ ಉದ್ದ, ಹೆಬ್ಬೆರಳಿನಷ್ಟು ದಪ್ಪ, ಕಪ್ಪಗೆ, ನುಣ್ಣಗೆ. ಇದು ಕಕ್ಕೆಕಾಯಿ. ಇವತ್ತು ಬೆಳಿಗ್ಗೆ ನಮ್ಮ ಮನೆ ಮುಂದಿನ ಮರದಿಂದ ಕಿತ್ತು ತಂದೆ. ಕಾಯಿ ಇದ್ದ ಕೊಂಬೆಯಲ್ಲೇ, ಒಂದು ಗೇಣು ಆಚೆ, ಈ ವರ್ಷದ ಹೂಗೊಂಚಲು ತೂಗುತ್ತಿತ್ತು. ಹೋದ ವರ್ಷದ ಕಾಯಿ, ಈ ವರ್ಷದ ಹೂವು, ಎರಡೂ ಒಂದೇ ಕೊಂಬೆಯಲ್ಲಿ. ಕಕ್ಕೆಕಾಯಿ ಬಲಿತು ಕಪ್ಪಾಗುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅದಕ್ಕೇ ಹಾಗೆ.

ಚಿಕ್ಕವರಿದ್ದಾಗ ಇದನ್ನೇ ಕತ್ತಿ ಮಾಡಿಕೊಂಡು ಯುದ್ಧ ಆಡುತ್ತಿದ್ದೆವು. ಮುರಿದು ಹೋದ ಕತ್ತಿಯಿಂದ ಬೀಜ ಉದುರುತ್ತಿತ್ತು. ಆ ಬೀಜ ಎಲ್ಲಿ ಬಿದ್ದರೂ ಹುಟ್ಟುತ್ತಿರಲಿಲ್ಲ. ಯಾಕೆ ಹುಟ್ಟುವುದಿಲ್ಲ ಅಂತ ಆಗ ಯೋಚಿಸಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಈ ಮರಕ್ಕೆ ಊರೂರಿಗೂ ಹೆಸರುಂಟು. ಹಿಂದಿಯವರಿಗೆ ಅಮಲ್ತಾಸ್. ಮರಾಠಿಯಲ್ಲಿ ಬಹಾವಾ. ತೆಲುಗಿನಲ್ಲಿ ರೇಲ. ತಮಿಳಿನಲ್ಲಿ ಕೊನ್ರೈ, ಅಲ್ಲಿನ ಹಳೆಯ ಭಕ್ತಿಪದಗಳಲ್ಲಿ ಶಿವ ಮುಡಿದುಕೊಳ್ಳುವ ಹೂವು ಇದೇ. ಮಲಯಾಳದಲ್ಲಿ ಕಣಿಕ್ಕೊನ್ನ. ವಿಷು ಹಬ್ಬದ ಬೆಳಗಿನ ಜಾವ ಕಣ್ಣು ಬಿಟ್ಟ ಕೂಡಲೇ ನೋಡುವ ಕಣಿಯಲ್ಲಿ ಈ ಹೂವು ಇರಲೇಬೇಕು. ಕೇರಳದ ರಾಜ್ಯ ಹೂವೂ ಅದೇ. ಥಾಯ್ಲೆಂಡ್ ದೇಶದ ರಾಷ್ಟ್ರೀಯ ಹೂವು ಕೂಡ ಇದೇ. ಅಲ್ಲಿ ಇದನ್ನು ರಾಚಪ್ರುಕ್ ಅನ್ನುತ್ತಾರೆ. ಕಿವಿಗೊಟ್ಟು ಕೇಳಿ, ನಮ್ಮ 'ರಾಜವೃಕ್ಷ'ವೇ ಅದು. ಸಂಸ್ಕೃತದಲ್ಲಿ ಕಕ್ಕೆಗಿರುವ ಹೆಸರುಗಳಲ್ಲಿ ರಾಜವೃಕ್ಷ ಒಂದು, ಆರಗ್ವಧ ಇನ್ನೊಂದು. ಸಸ್ಯಶಾಸ್ತ್ರದಲ್ಲಿ ಕ್ಯಾಸಿಯಾ ಫಿಸ್ಟುಲಾ. ಫಿಸ್ಟುಲಾ ಅಂದರೆ ಲ್ಯಾಟಿನ್‌ನಲ್ಲಿ ಕೊಳವೆ. ನಿಮ್ಮ ಕೈಯಲ್ಲಿರುವ ಕಾಯಿ ನೋಡಿಯೇ ಇಟ್ಟ ಹೆಸರು.

ಬೆಂಗಳೂರಿನ ಬೀದಿಗಳಲ್ಲಿ ಹೂಮರಗಳ ಮೆರವಣಿಗೆಯೇ ನಡೆಯುತ್ತದೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬೀಗಲ್ ಅವರು ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಸಾಲುಮರ ಹಾಕಿಸಿದರು. ಅದರ ಸುಖ ನಾವು ಇವತ್ತಿಗೂ ಉಣ್ಣುತ್ತಿದ್ದೇವೆ. ಗುಲ್‌ಮೊಹರ್ ಮಡಗಾಸ್ಕರಿನದು. ಜಕರಂಡಾ, ಟಬೆಬುಯಾ ದಕ್ಷಿಣ ಅಮೆರಿಕದವು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ, ಚೆಂದದ ಮರಗಳೇ. ಆದರೆ ಬಂಡೀಪುರ, ನಾಗರಹೊಳೆ, ಭದ್ರಾದ ಕಾಡಿನಲ್ಲಿ ತಾನಾಗಿ ಹುಟ್ಟಿ ತಾನಾಗಿ ಅರಳುವ ನಮ್ಮದೇ ಮರ ಒಂದಿದೆ. ಅದನ್ನು ಮನೆ ಮುಂದೆ ಹಾಕಿ ಅಂತ ಕೇಳಿಕೊಳ್ಳುವುದಕ್ಕೆ ನಾನು ಇಲ್ಲಿಗೆ ಬಂದಿದ್ದೇನೆ.

ಈಗ ನನ್ನ ತಪ್ಪಿನ ಕಥೆ.

ನಮ್ಮ ಮನೆ ತಿಪಟೂರಿನ ಹತ್ತಿರ. ಸುತ್ತ ತೆಂಗು. ಗೃಹಪ್ರವೇಶದ ವರ್ಷವೇ ಗೇಟಿನ ಪಕ್ಕ ಒಂದು ಕಕ್ಕೆ ಸಸಿ ಹಾಕಿದೆ. ಅದರ ಬುಡದಿಂದ ನಾಲ್ಕು ಹೆಜ್ಜೆ ಆಚೆ ಮಲ್ಲಿಗೆ, ಕನಕಾಂಬರದ ಪಾತಿ. ದಿನಾ ಸಂಜೆ ಪೈಪು ಹಿಡಿದು ಪಾತಿಗೆ ನೀರು ಬಿಡುವಾಗ ಕಕ್ಕೆಗೂ ಒಂದಿಷ್ಟು ಬಿಡುತ್ತಿದ್ದೆ. ತೆಂಗಿಗೆ ಗೊಬ್ಬರ ಹಾಕುವಾಗ ಇದಕ್ಕೂ ಒಂದು ಮಂಕರಿ. ಗಿಡ ಸಂತೋಷವಾಗಿ ಬೆಳೆಯಿತು. ಐದು ವರ್ಷಕ್ಕೆ ಮನೆಯ ಮಾಳಿಗೆ ಮುಟ್ಟಿತು. ಎಲೆ ಅಂದರೆ ಅಂಗೈಗಿಂತ ದೊಡ್ಡದು, ಕಡುಹಸಿರು. ನೋಡಿದವರೆಲ್ಲ ಮೆಚ್ಚಿದರು. ಹೂವು ಮಾತ್ರ ಬರಲಿಲ್ಲ. ಆರನೇ ವರ್ಷ ಇಲ್ಲ. ಏಳು, ಎಂಟು, ಇಲ್ಲ. ಅದೇ ಊರಾಚೆ ಗೋಮಾಳದ ಬಂಡೆ ಸಂದಿಯಲ್ಲಿ ಇನ್ನೊಂದು ಕಕ್ಕೆ ಇದೆ. ಸೊಟ್ಟ ಮರ. ಅರ್ಧ ಕೊಂಬೆಯನ್ನು ಸೌದೆಗೆ ಅಂತ ಯಾರೋ ಕಡಿದಿದ್ದಾರೆ. ಯಾರೂ ಅದಕ್ಕೆ ಒಂದು ಚೊಂಬು ನೀರು ಹಾಕಿದವರಲ್ಲ. ಪ್ರತಿ ವರ್ಷ ಏಪ್ರಿಲ್ ಕೊನೆಗೆ ಅದು ಮೈತುಂಬ ಹಳದಿ.

2016ರ ಮಳೆಗಾಲ ಕೈಕೊಟ್ಟದ್ದು ನಿಮಗೆಲ್ಲ ನೆನಪಿರಬೇಕು. ಮುಂದಿನ ಜನವರಿಗೆ ನಮ್ಮ ಬೋರ್‌ವೆಲ್ ನಿಂತಿತು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯಬೇಕು, ಇನ್ನು ಗಿಡಕ್ಕೆಲ್ಲಿಂದ? ಮಲ್ಲಿಗೆ ಸತ್ತಿತು. ಕಕ್ಕೆಯ ಎಲೆ ಫೆಬ್ರವರಿಯಲ್ಲಿ ಹಳದಿಯಾಗಿ ಉದುರತೊಡಗಿತು. ಮಾರ್ಚ್ ಮುಗಿಯುವಷ್ಟರಲ್ಲಿ ಮರ ಬೋಳು. ಇದೂ ಹೋಯಿತು ಅಂದುಕೊಂಡೆ. ಬೆಳಿಗ್ಗೆ ಗೇಟು ತೆಗೆಯುವಾಗ ಅದನ್ನು ನೋಡುವುದಕ್ಕೇ ಮನಸ್ಸಾಗುತ್ತಿರಲಿಲ್ಲ. ಏಪ್ರಿಲ್ ಮೂರನೇ ವಾರ ನನ್ನ ಹೆಂಡತಿ ಕರೆದು ತೋರಿಸಿದಳು. ಬೋಳು ಕೊಂಬೆಯ ಗಿಣ್ಣುಗಳಿಂದ ಹಸಿರು ದಾರದಂಥದ್ದು ಇಳಿಬಿದ್ದಿತ್ತು. ಅದರ ತುಂಬ ಜೋಳದ ಕಾಳಿನಷ್ಟು ಮೊಗ್ಗು. ಹತ್ತು ದಿನದಲ್ಲಿ ಗೊಂಚಲು ಒಂದೂವರೆ ಅಡಿ ಇಳಿಯಿತು. ಮೇಲಿನಿಂದ ಕೆಳಕ್ಕೆ ಒಂದೊಂದೇ ಮೊಗ್ಗು ಬಿರಿಯಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮನೆ ಮುಂದಿನ ಅಂಗಳ ಹಳದಿಯಾಯಿತು.

ಆವತ್ತು ನನಗೆ ಅರ್ಥವಾದದ್ದು ಇಷ್ಟು. ಕಕ್ಕೆ ಒಣನಾಡಿನ ಕಾಡಿನ ಮರ. ಅದರ ವರ್ಷದಲ್ಲಿ ಒಂದು ಒಣಗುವ ಕಾಲ ಇರಲೇಬೇಕು. ಮಳೆಗಾಲದಲ್ಲಿ ಎಲೆ ಬಿಟ್ಟು ಊಟ ಮಾಡುತ್ತದೆ. ಚಳಿಗಾಲದಲ್ಲಿ ನಿಧಾನ ಆಗುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಕಳಚಿ, ಕೂಡಿಟ್ಟದ್ದನ್ನೆಲ್ಲ ಹೂವಿಗೆ ಸುರಿಯುತ್ತದೆ. ನಾವು ಬೇಸಿಗೆಯಲ್ಲೂ ನೀರು ಕೊಟ್ಟು ಮುದ್ದು ಮಾಡಿದರೆ ಅದಕ್ಕೆ ಬೇಸಿಗೆ ಬಂದದ್ದೇ ತಿಳಿಯುವುದಿಲ್ಲ. ಎಲೆಯನ್ನೇ ಬಿಡುತ್ತಾ ಹೋಗುತ್ತದೆ. ಹೊಸ ಬಡಾವಣೆಗಳಲ್ಲಿ ಹುಲ್ಲುಹಾಸಿನ ನಡುವೆ ಕಕ್ಕೆ ಹಾಕಿ, ಹುಲ್ಲಿಗೆ ಅಂತ ದಿನಾ ನೀರು ಚಿಮುಕಿಸಿ, ಹೂವು ಯಾಕೆ ಬರಲಿಲ್ಲ ಅಂತ ಕೇಳುವವರು ಬಹಳ ಮಂದಿ. ಕಾರಣ ಇದೇ.

ಸರಿ, ಬೀಜಕ್ಕೆ ಬರೋಣ. ನನಗೆ ತುಂಬ ಇಷ್ಟದ ಭಾಗ ಇದು.

ಈ ಕಾಯಿಯನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಜಜ್ಜಿದರೆ ಉದ್ದಕ್ಕೆ ಬಿಡುತ್ತದೆ. ನೋಡಿ, ಒಳಗೆ ಅಡ್ಡಡ್ಡ ತೆಳ್ಳನೆಯ ಬಿಲ್ಲೆಗಳು. ಒಂದರ ಮೇಲೊಂದು ನಾಣ್ಯ ಜೋಡಿಸಿಟ್ಟ ಹಾಗೆ. ಒಂದೊಂದು ಬಿಲ್ಲೆಯ ನಡುವೆ ಒಂದೊಂದು ಕೋಣೆ, ಕೋಣೆಗೊಂದು ಬೀಜ. ಬಿಲ್ಲೆಗೆ ಹತ್ತಿಕೊಂಡ ಕಪ್ಪು ಅಂಟೇ ತಿರುಳು. ಮೂಸಿ ನೋಡಿ, ಮಳೆಗಾಲದಲ್ಲಿ ನೀರು ಬಿಟ್ಟ ಹಳೆಬೆಲ್ಲದ ವಾಸನೆ. ದೊಡ್ಡ ಕಾಯಿಯಲ್ಲಿ 100ರವರೆಗೂ ಬೀಜ ಇರುತ್ತದೆ. ಬೀಜ ಹುಣಸೆಬೀಜದ ಬಣ್ಣ, ಅದಕ್ಕಿಂತ ಚಿಕ್ಕದು, ಚಪ್ಪಟೆ, ಹೊಳಪು. ಆ ಹೊಳಪೇ ಅದರ ಬೀಗ. ನೀರು ಒಳಗೆ ಇಳಿಯದಷ್ಟು ಗಟ್ಟಿ ಸಿಪ್ಪೆ.

ಕಾಡಿನಲ್ಲಿ ಈ ಬೀಗ ತೆಗೆಯುವವರು ಬೇರೆ ಇದ್ದಾರೆ. ಕರಡಿಗೆ ಕಕ್ಕೆಯ ತಿರುಳು ಅಂದರೆ ಪ್ರಾಣ. ನರಿ, ಕೋತಿಗಳೂ ತಿನ್ನುತ್ತವೆ. ಕಾಯಿ ತಾನಾಗಿ ಬಿರಿಯುವ ಜಾತಿಯಲ್ಲ. ಯಾರಾದರೂ ಒಡೆಯಬೇಕು, ತಿನ್ನಬೇಕು. ಬೀಜ ಹೊಟ್ಟೆಯಲ್ಲಿ ಸಾಗಿ, ಸಿಪ್ಪೆ ಸವೆದು, ಇನ್ನೆಲ್ಲೋ ಗೊಬ್ಬರದ ಜೊತೆ ಬೀಳುತ್ತದೆ. ನಮ್ಮ ಅಂಗಳದಲ್ಲಿ ಕರಡಿ ಇಲ್ಲ. ಕರಡಿಯ ಕೆಲಸ ನಾವೇ ಮಾಡಬೇಕು.

ನಾನು ಮೂರು ತರ ಮಾಡಿ ನೋಡಿದ್ದೇನೆ. ಸುಮ್ನೆ ಮಣ್ಣಿಗೆ ಹಾಕಿದ ಬೀಜದಲ್ಲಿ ಒಂದೋ ಎರಡೋ ಬಂದವು, ಅದೂ ತಿಂಗಳು ಕಳೆದ ಮೇಲೆ. ಕುದಿಸಿ ಇಳಿಸಿದ ನೀರಿಗೆ ಬೀಜ ಹಾಕಿ, ರಾತ್ರಿಯಿಡೀ ಅದೇ ನೀರಲ್ಲಿ ಆರಲು ಬಿಟ್ಟೆ. ಅರ್ಧದಷ್ಟು ಹುಟ್ಟಿದವು. ಮೂರನೆಯದು ಗಾಯ ಮಾಡುವುದು. ಉಗುರು ಕತ್ತರಿಸುವ ನೈಲ್ ಕಟರ್ ತಗೊಂಡು ಬೀಜದ ಅಂಚಿನಲ್ಲಿ ಒಂದು ಚೂರು ಸಿಪ್ಪೆ ಕಚ್ಚಿ ತೆಗೆದೆ. ಬೀಜದ ಕಣ್ಣು ಇರುವ ಕಡೆ ಮುಟ್ಟಬಾರದು, ಅದರ ಎದುರು ತುದಿಯಲ್ಲಿ. ಒಳಗಿನ ಬಿಳಿ ಕಂಡರೆ ಸಾಕು, ಇನ್ನೂ ಆಳಕ್ಕೆ ಬೇಡ. ಕೈಗೆ ಕಟರ್ ಒಗ್ಗದಿದ್ದರೆ ಉಪ್ಪುಕಾಗದದ ಮೇಲೆ ತಿಕ್ಕಿ. ಆಮೇಲೆ ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ. ಬೆಳಿಗ್ಗೆ ನೋಡಿದರೆ ಬೀಜ ಊದಿಕೊಂಡು ಎರಡರಷ್ಟಾಗಿರುತ್ತದೆ. ಊದದೆ ಹಾಗೇ ಉಳಿದದ್ದಕ್ಕೆ ಇನ್ನೊಂದು ಗಾಯ. ಹೀಗೆ ಹಾಕಿದ ಬೀಜ ಹೆಚ್ಚುಕಡಿಮೆ ಎಲ್ಲವೂ ಹುಟ್ಟಿದವು, ಹೆಚ್ಚಿನವು ಎರಡು ವಾರದ ಒಳಗೆ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಈ ಕೆಲಸಕ್ಕೆ ಗಂಧಕಾಮ್ಲ ಬಳಸುವ ಪದ್ಧತಿ ಇದೆ. ಮನೆಯಲ್ಲಿ ಅದರ ತಂಟೆಗೆ ಹೋಗಬೇಡಿ. ನೈಲ್ ಕಟರ್ ಸಾಕು.

ಅರ್ಧ ಇಂಚು ಆಳಕ್ಕೆ ಬೀಜ ಊರಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ. ಕವರಿನ ತಳದಲ್ಲಿ ತೂತು ಇರಲಿ. ಕಕ್ಕೆಯ ತಾಯಿಬೇರು ನೆಟ್ಟಗೆ ಕೆಳಗಿಳಿಯುತ್ತದೆ. ಚಿಕ್ಕ ಕವರಿನಲ್ಲಿ ಜಾಸ್ತಿ ದಿನ ಇಟ್ಟರೆ ಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಸಮೇತ ನೆಟ್ಟ ಗಿಡ ಮೂರು ನಾಲ್ಕು ವರ್ಷ ಚೆನ್ನಾಗಿಯೇ ಕಾಣುತ್ತದೆ, ಒಂದು ದಿನ ಗಾಳಿಗೆ ಮಲಗುತ್ತದೆ. ಅದಕ್ಕೆ ಮೂರು ನಾಲ್ಕು ತಿಂಗಳಿಗೆ ದೊಡ್ಡ ಕವರಿಗೆ ಬದಲಿಸಿ. ನರ್ಸರಿಯಲ್ಲಿ ಕೊಳ್ಳುವವರು ಗಿಡದ ಎತ್ತರ ನೋಡಿ ಮರುಳಾಗಬೇಡಿ. ಕವರ್ ಎತ್ತಿ ತಳ ನೋಡಿ. ಬೇರು ಹೊರಬಂದು ನೆಲಕ್ಕೆ ಕಚ್ಚಿಕೊಂಡಿದ್ದರೆ ಅದನ್ನು ಬಿಟ್ಟು ಇನ್ನೊಂದು ತಗೊಳ್ಳಿ.

ನರ್ಸರಿ ಅಂದಾಗ ಒಂದು ಮುಖ್ಯ ಮಾತು. ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ.

ಕೆಲವು ವರ್ಷದ ಹಿಂದೆ ತೋಟದ ಬೇಲಿಯ ಪಕ್ಕ ಇನ್ನಷ್ಟು ಕಕ್ಕೆ ಇರಲಿ ಅಂತ ಒಂದು ನರ್ಸರಿಯಿಂದ ಮೂರು ಸಸಿ ತಂದೆ. ಕಕ್ಕೆ ಅಂತಲೇ ಕೊಟ್ಟರು. ಎರಡು ಸಸಿ ಬೆಳೆದ ವೇಗ ನೋಡಿ ನನಗೆ ಅನುಮಾನ ಬಂತು. ಕಕ್ಕೆ ನಿಧಾನದ ಮರ. ಇವು ಒಂದೇ ಮಳೆಗಾಲದಲ್ಲಿ ತಲೆಯೆತ್ತರ ದಾಟಿದವು. ಎರಡನೇ ವರ್ಷ ದಸರೆಯ ಹೊತ್ತಿಗೆ ಹಳದಿ ಹೂವು ಬಿಟ್ಟವು. ಕಕ್ಕೆ ದಸರೆಗೆ ಅರಳುವುದೇ? ಹೂವು ಇಳಿಬೀಳದೆ ಕೊಂಬೆಯ ತುದಿಯಲ್ಲಿ ಗೋಪುರದ ಹಾಗೆ ಎದ್ದು ನಿಂತಿತ್ತು. ಆಗ ತಿಳಿಯಿತು, ಇದು ಸೆನ್ನಾ ಸ್ಪೆಕ್ಟಾಬಿಲಿಸ್.

ಅಮೆರಿಕ ಖಂಡದ ಬಿಸಿನಾಡುಗಳ ಮರ ಅದು. ಹೂವಿನ ಚೆಂದಕ್ಕೆ ಅಂತ ತಂದು ಬೆಳೆಸಿದ್ದು. ಈಗ ವಯನಾಡು, ಬಂಡೀಪುರ, ನಾಗರಹೊಳೆಯ ಕಾಡಿಗೆ ನುಗ್ಗಿ ಕೂತಿದೆ. ಅದರ ನೆರಳಿನಲ್ಲಿ ಹುಲ್ಲು ಬೆಳೆಯುವುದಿಲ್ಲ. ಜಿಂಕೆ, ಆನೆಗಳಿಗೆ ಮೇವಿಲ್ಲ. ಕಡಿದರೆ ಬುಡದಿಂದ ಹತ್ತಾರು ಚಿಗುರು ಬರುತ್ತದೆ. ಕೇರಳದಲ್ಲಿ ಅದನ್ನು ಮಂಜಕೊನ್ನ, ಅಂದರೆ ಹಳದಿ ಕೊನ್ನ ಅನ್ನುತ್ತಾರೆ. ಅಲ್ಲೂ ಹೆಸರಿನಲ್ಲೇ ಕಣಿಕ್ಕೊನ್ನದ ನೆಂಟಸ್ತನ ಸೇರಿಕೊಂಡಿದೆ ನೋಡಿ. ನನ್ನ ಎರಡು ಗಿಡಗಳನ್ನು ಬೇರುಸಹಿತ ಅಗೆದು ತೆಗೆದೆ. ಆಮೇಲೂ ಎರಡು ವರ್ಷ ಅಲ್ಲಿ ಸಸಿ ಹುಟ್ಟುತ್ತಲೇ ಇತ್ತು, ಕಂಡಾಗಲೆಲ್ಲ ಕಿತ್ತೆ. ಕಾಡಂಚಿನ ಊರಿನವರಾದರೆ ಇದನ್ನು ಇನ್ನೂ ಹುಷಾರಾಗಿ ನೋಡಿಕೊಳ್ಳಬೇಕು. ಚೆಂದಕ್ಕೆ ಅಂತ ನಾವು ಹಾಕಿದ ಒಂದು ಗಿಡ ಆನೆಯ ಹುಲ್ಲುಗಾವಲು ತಿಂದರೆ ಅದಕ್ಕಿಂತ ನೋವಿನ ವಿಷಯ ಇಲ್ಲ.

ಸಸಿಯಲ್ಲೇ ಗುರುತು ಹಿಡಿಯಬಹುದು. ಒಂದು ಎಲೆಕಡ್ಡಿಯಲ್ಲಿ ಎಷ್ಟು ಜೋಡಿ ಎಲೆ ಇದೆ ಎಣಿಸಿ. ಕಕ್ಕೆಯಲ್ಲಿ ನಾಲ್ಕರಿಂದ ಎಂಟು ಜೋಡಿ, ಒಂದೊಂದು ಎಲೆಯೂ ದೊಡ್ಡದು, ಅಂಗೈ ಉದ್ದ. ಸ್ಪೆಕ್ಟಾಬಿಲಿಸ್‌ನಲ್ಲಿ ಹತ್ತು ಹದಿನೈದು ಜೋಡಿ, ಕಿರಿದಾದ ಚೂಪು ಎಲೆ. ಹಳದಿ ಹೂವಿನ ಬೇರೆ ಮರಗಳನ್ನೂ ಜನ ಕಕ್ಕೆ ಅಂದುಬಿಡುತ್ತಾರೆ. ತಾಮ್ರದ ಬಣ್ಣದ ಚಪ್ಪಟೆ ಕಾಯಿ ಬಿಡುವುದು ಪೆಲ್ಟೋಫೋರಂ, ಅದರ ಹೂವೂ ಮೇಲ್ಮುಖ. ಫೆಬ್ರವರಿ, ಮಾರ್ಚಿನಲ್ಲಿ ತುತ್ತೂರಿಯಂಥ ಹಳದಿ ಹೂವು ಬಿಡುವುದು ಟಬೆಬುಯಾ. ಜೋಕಾಲಿಯ ಹಾಗೆ ಇಳಿಬಿದ್ದು ತೂಗಿದರೆ ಅದು ಕಕ್ಕೆ.

ಇನ್ನು ನೆಡುವ ಕೆಲಸ. ಜೂನ್, ಜುಲೈನಲ್ಲಿ ನೆಲ ಒಂದೆರಡು ಸಲ ಚೆನ್ನಾಗಿ ನೆನೆದ ಮೇಲೆ ನೆಡಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ. ಕೆಂಪುಮಣ್ಣು, ಗರಸು, ಕಲ್ಲು ಯಾವುದಾದರೂ ನಡೆಯುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಬೇಡ. ಮಲೆನಾಡಿನವರು ಇಳಿಜಾರು ನೋಡಿ ಹಾಕಿ. ಮನೆಗೋಡೆಯಿಂದ ಹದಿನೈದು ಅಡಿ, ಇನ್ನೊಂದು ಮರದಿಂದ ಇಪ್ಪತ್ತು ಇಪ್ಪತ್ತೈದು ಅಡಿ ದೂರ. ಮೇಲೆ ಕರೆಂಟಿನ ತಂತಿ ಇದೆಯಾ ಅಂತ ತಲೆಯೆತ್ತಿ ನೋಡಿ. ಇದು ಮೂವತ್ತು ನಲವತ್ತು ಅಡಿಯ ಮರ. ನಮ್ಮ ಬೀದಿಯಲ್ಲಿ ತಂತಿಯ ಕೆಳಗೆ ಹಾಕಿದ ಎರಡು ಕಕ್ಕೆಗಳನ್ನು ಮೊಗ್ಗು ಬಿಟ್ಟ ವಾರವೇ ಅರ್ಧಕ್ಕೆ ಕಡಿದುಹಾಕಿದರು. ಬೀದಿಯ ತುಂಬ ಹಸಿರು ಮೊಗ್ಗು ಬಿದ್ದಿತ್ತು. ನೆಟ್ಟವರು ಮೊದಲೇ ತಲೆಯೆತ್ತಿ ನೋಡಿದ್ದರೆ ಆ ಮರಗಳಿಗೆ ಆ ಗತಿ ಬರುತ್ತಿರಲಿಲ್ಲ.

ಎಳೆಗಿಡ ಬಾಗುವುದು ಸಹಜ, ಒಂದು ಗೂಟ ಕೊಟ್ಟು ಸಡಿಲವಾಗಿ ಕಟ್ಟಿ. ಬುಡಕ್ಕೆ ಒಣ ಎಲೆ, ತೆಂಗಿನ ಮಟ್ಟೆ ಮುಚ್ಚಿ. ನೀರಿನ ಲೆಕ್ಕ ಹೀಗೆ. ಮೊದಲ ಬೇಸಿಗೆ ವಾರಕ್ಕೊಂದು ಸಲ ಎರಡು ಬಕೆಟ್. ಎರಡನೇ ಬೇಸಿಗೆ ಹದಿನೈದು ದಿನಕ್ಕೊಂದು ಸಲ. ಮೂರನೇ ವರ್ಷ ಎಲೆ ಜೋಲಿದಾಗ ಮಾತ್ರ. ಆಮೇಲೆ ಡಿಸೆಂಬರಿನಿಂದ ಮಳೆ ಬರುವ ತನಕ ಕೈ ಕಟ್ಟಿಕೊಂಡು ಕೂರಿ. ಇದು ಸುಲಭ ಅಂತ ಕಾಣುತ್ತದೆ, ಆದರೆ ಎಲೆ ಉದುರುವ ಮರದ ಮುಂದೆ ನೀರು ಹಾಕದೆ ನಿಲ್ಲುವುದು ಕಷ್ಟವೇ. ಗೊಬ್ಬರ ಮೊದಲ ಮೂರು ವರ್ಷ ಮಳೆಗಾಲದ ಶುರುವಿಗೆ ಒಂದೊಂದು ಮಂಕರಿ. ಕಕ್ಕೆ ಅವರೆ, ಹುರುಳಿಗಳ ಕುಲದ್ದೇ ಆದರೂ ಅವುಗಳ ಹಾಗೆ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯುವುದಿಲ್ಲ. ಅದಕ್ಕೇ ಎಳೆಯದಕ್ಕೆ ಸ್ವಲ್ಪ ಗೊಬ್ಬರ ಬೇಕು. ಯೂರಿಯಾ ಬೇಡ, ಅದು ಎಲೆಗೆ ಹೋಗುತ್ತದೆ.

ಕೊಂಬೆ ಸವರುವುದಿದ್ದರೆ ಹೂವು ಮುಗಿದ ಕೂಡಲೇ. ಚಳಿಗಾಲದಲ್ಲಿ, ಬೇಸಿಗೆಯ ಮುಂಚೆ ಕತ್ತಿ ಮುಟ್ಟಬೇಡಿ. ಬರುವ ಹೂವು ಹೋಗುತ್ತದೆ.

ಮಳೆಗಾಲದಲ್ಲಿ ಕೆಲವರು ಗಾಬರಿಯಿಂದ ಫೋನ್ ಮಾಡುತ್ತಾರೆ. "ಸರ್, ಮರದ ಎಲೆಯೆಲ್ಲ ಹುಳ ತಿಂದುಬಿಟ್ಟಿದೆ, ಏನು ಹೊಡೆಯಲಿ?" ಅಂತ. ಏನೂ ಹೊಡೆಯಬೇಡಿ. ಬಗ್ಗಿ ಆ ಹುಳ ನೋಡಿ. ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೆ ಕಪ್ಪು ಚುಕ್ಕಿಗಳ ಗೆರೆ. ಕಾಮನ್ ಎಮಿಗ್ರಂಟ್ ಅನ್ನುವ ಚಿಟ್ಟೆಯ ಮರಿ ಅದು. ತಿಳಿಹಳದಿ ಬಿಳಿ ಬಣ್ಣದ, ಮಳೆಗಾಲದಲ್ಲಿ ಹಿಂಡು ಹಿಂಡಾಗಿ ರಸ್ತೆ ದಾಟುವ ಚಿಟ್ಟೆ ನೋಡಿರುತ್ತೀರಿ. ಕಕ್ಕೆಯ ಎಳೆ ಎಲೆಯ ಮೇಲೆ ಅದು ಮೊಟ್ಟೆ ಇಡುತ್ತದೆ. ಮರಿ ತಿಂದಷ್ಟೂ ತಿಂದು, ಕೋಶ ಕಟ್ಟಿ, ಹಾರಿಹೋಗುತ್ತದೆ. ಹಿಂದೆಯೇ ಮರ ಮತ್ತೆ ಚಿಗುರುತ್ತದೆ. ಕೆಲವು ಮಳೆಗಾಲ ನಮ್ಮ ಮರ ಜರಡಿಯ ಹಾಗೆ ಆಗಿದೆ, ಮುಂದಿನ ಹೂವಿಗೆ ಏನೂ ಕಮ್ಮಿ ಆಗಿಲ್ಲ. ಆ ದಿನಗಳಲ್ಲಿ ಹಕ್ಕಿಗಳು ಮರ ಬಿಟ್ಟು ಕದಲುವುದೇ ಇಲ್ಲ.

ಇನ್ನೊಂದನ್ನು ಹತ್ತಿರದಿಂದ ತೋರಿಸಬೇಕು. ಈ ಗೊಂಚಲಿನಿಂದ ಒಂದು ಹೂವು ಬಿಡಿಸಿ ಅಂಗೈ ಮೇಲಿಟ್ಟುಕೊಳ್ಳಿ. ಐದು ಎಸಳು. ನಡುವೆ ಹತ್ತು ಕೇಸರ. ಎಲ್ಲ ಒಂದೇ ತರ ಇಲ್ಲ, ಎಣಿಸಿ. ಮೂರು ಉದ್ದ, ಕುಡುಗೋಲಿನ ತುದಿಯ ಹಾಗೆ ಬಾಗಿ ಎಸಳಿನ ಆಚೆಗೆ ಚಾಚಿವೆ. ನಾಲ್ಕು ಗಿಡ್ಡ. ಉಳಿದ ಮೂರು ಇದ್ದೂ ಇಲ್ಲದಷ್ಟು ಚಿಕ್ಕವು, ಅವುಗಳಲ್ಲಿ ಪರಾಗ ಇಲ್ಲ. ಈ ಹೂವಿನಲ್ಲಿ ಮಕರಂದವೂ ಇಲ್ಲ. ಮತ್ತೆ ದುಂಬಿ ಯಾಕೆ ಬರುತ್ತದೆ? ಪರಾಗ ತಿನ್ನಲು. ಬೆಳಿಗ್ಗೆ ಏಳೂವರೆಗೆ ಮರದ ಕೆಳಗೆ ನಿಂತರೆ ದಪ್ಪ ಕಪ್ಪು ದುಂಬಿಗಳು ಬರುವುದು ಕಾಣುತ್ತದೆ, ಒಣಮರದಲ್ಲಿ ತೂತು ಕೊರೆದು ಗೂಡು ಮಾಡುವ ದುಂಬಿಗಳು. ಅವು ಗಿಡ್ಡ ಕೇಸರಗಳನ್ನು ತಬ್ಬಿಕೊಂಡು ಮೈ ನಡುಗಿಸುತ್ತವೆ. ಹಾರುವಾಗಿನ ಗುಂಯ್‌ಗಿಂತ ಆಗಿನ ಸದ್ದು ಬೇರೆ, ಸಣ್ಣಗೆ, ಚೂಪಾಗಿ. ಆ ನಡುಕಕ್ಕೆ ಪರಾಗ ಉದುರುತ್ತದೆ. ಗಿಡ್ಡ ಕೇಸರದ ಪರಾಗ ದುಂಬಿಯ ಊಟ. ಅದು ಊಟದಲ್ಲಿರುವಾಗ ಉದ್ದ ಕೇಸರಗಳು ಅದರ ಮೈಯ ಹಿಂಭಾಗಕ್ಕೆ ಪರಾಗ ಬಳಿದುಬಿಡುತ್ತವೆ. ದುಂಬಿ ಅದನ್ನು ಹೊತ್ತು ಮುಂದಿನ ಹೂವಿಗೆ ಹೋಗುತ್ತದೆ. ನಾನು ಇದನ್ನು ತಿಳಿದುಕೊಂಡ ಮೇಲೆ ಮೇ ತಿಂಗಳ ಬೆಳಗಿನ ಕಾಫಿ ಗೇಟಿನ ಹತ್ತಿರವೇ.

ಕೊನೆಗೆ ಬಂದ ಪ್ರಶ್ನೆಗಳು.

ಕುಂಡದಲ್ಲಿ ಬೆಳೆಯುತ್ತದಾ ಅಂತ ಮಹಡಿ ಮನೆಯಲ್ಲಿರುವ ಒಬ್ಬ ತಾಯಿ ಕೇಳಿದರು. ಇಲ್ಲಮ್ಮ. ತಾಯಿಬೇರಿನ ಮರ ಇದು, ಕುಂಡದಲ್ಲಿ ಬದುಕಬಹುದು, ಹೂವು ನೆಚ್ಚಿಕೊಳ್ಳಬೇಡಿ. ನಿಮ್ಮ ಬೀದಿಯ ಪಾರ್ಕಿನಲ್ಲಿ ಒಂದು ಮೂಲೆ ಕೇಳಿ ಹಾಕಿಸಿ.

ಕಾರು ನಿಲ್ಲಿಸುವ ಜಾಗದ ಮೇಲೆ ಹಾಕಬಹುದೇ? ಬೇಡ. ಮೇನಲ್ಲಿ ಎಸಳು, ಆಮೇಲೆ ಕಾಯಿ ಬೀಳುತ್ತದೆ. ಗಾಜು ಒಡೆಯುವಷ್ಟು ಭಾರ ಇಲ್ಲ, ಆದರೆ ತಿರುಳಿನ ಅಂಟು ಹತ್ತಿದರೆ ತೊಳೆದು ಸಾಕಾಗುತ್ತದೆ.

ತಿರುಳು ಔಷಧಿ ಅಲ್ವಾ, ಮಕ್ಕಳಿಗೆ ಕೊಡಬಹುದಾ? ಹೌದು, ಆಯುರ್ವೇದದಲ್ಲಿ ಆರಗ್ವಧ ಭೇದಿ ಮಾಡಿಸಲು ಕೊಡುವ ಔಷಧಿ. ಅದಕ್ಕೇ ಸುಮ್ನೆ ತಿನ್ನಬಾರದು. ಜಾಸ್ತಿಯಾದರೆ ಹೊಟ್ಟೆ ಕೆಟ್ಟು ಮಗು ನಿತ್ರಾಣ ಆಗುತ್ತದೆ. ವೈದ್ಯರು ಹೇಳದೆ ಯಾರೂ ಮುಟ್ಟಬೇಡಿ.

ಗುಲಾಬಿ, ಕೆನೆ ಬಣ್ಣ ಬೆರೆತ ಕಕ್ಕೆ ಇದೆಯಂತಲ್ಲ ಅಂತ ಒಬ್ಬ ಯುವಕ ಕೇಳಿದ. ಇದೆ. ಕಕ್ಕೆಯನ್ನೂ ಅದರ ನೆಂಟ ಗುಲಾಬಿ ಹೂವಿನ ಕ್ಯಾಸಿಯಾ ಜಾವಾನಿಕಾವನ್ನೂ ಕೂಡಿಸಿದ ತಳಿ. ಹವಾಯಿಯ ಹೊನಲುಲು ನಗರಕ್ಕೆ ಅದೇ ಅಧಿಕೃತ ಮರ. ಅದು ಬೀಜ ಬಿಡುವುದು ತೀರಾ ಅಪರೂಪ, ಕಸಿ ಕಟ್ಟಿಯೇ ಬೆಳೆಸಬೇಕು. ಚೆಂದವೇ. ಆದರೂ ಮೊದಲನೆಯದು ಹಳದಿಯೇ ಆಗಲಿ ಅಂದೆ.

ಎಷ್ಟು ವರ್ಷಕ್ಕೆ ಹೂವು? ಬೀಜದಿಂದ ಬೆಳೆಸಿದರೆ ಐದರಿಂದ ಎಂಟು ವರ್ಷ ಲೆಕ್ಕ ಇಟ್ಟುಕೊಳ್ಳಿ, ನನ್ನ ಹಾಗೆ ನೀರು ಸುರಿಯದಿದ್ದರೆ.

ಮಾತು ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಉಳಿದ ಕಾಯಿಗಳನ್ನು ಒಡೆದೆವು. ಇಬ್ಬರು ಮಕ್ಕಳು ಬಿಲ್ಲೆಗಳ ಸಂದಿಯಿಂದ ಬೀಜ ಹೆಕ್ಕಿದರು, ಕೈಯೆಲ್ಲ ಕಪ್ಪು. ಬಕೆಟ್ಟಿನಲ್ಲಿ ತೊಳೆದು, ಹಳೆ ಪೇಪರಿನ ಪೊಟ್ಟಣದಲ್ಲಿ ಹತ್ತತ್ತು ಬೀಜ ಕಟ್ಟಿ ಹಂಚಿದೆವು. ನೈಲ್ ಕಟರ್ ಒಂದೇ ಇತ್ತು, ಸಾಲು ನಿಂತು ಎಲ್ಲರೂ ಒಂದೊಂದು ಬೀಜಕ್ಕೆ ಗಾಯ ಮಾಡಿ ಅಭ್ಯಾಸ ಮಾಡಿಕೊಂಡರು. ಇವತ್ತು ರಾತ್ರಿ ನೆನೆಹಾಕಿ, ನಾಳೆ ಬೆಳಿಗ್ಗೆ ಊದಿದ್ದನ್ನು ಮಣ್ಣಿಗೆ ಹಾಕಿ, ಮುಂದಿನ ವರ್ಷ ಜೂನ್ ಮಳೆಗೆ ಗುಂಡಿ ತೆಗೆಯಿರಿ ಅಂತ ಪೊಟ್ಟಣದ ಮೇಲೆ ಬರೆದುಕೊಟ್ಟೆ.